ದಾಂಪತ್ಯ ಆಪ್ತಸಲಹೆ: ಒಲ್ಲೆ ಎನ್ನುವ ದೇಹಕ್ಕೂ ಕಾರಣವಿರುತ್ತದೆ

ಈ ಸಂಚಿಕೆಗೆ ಆರಿಸಿಕೊಂಡಿರುವುದೆಲ್ಲ ಮದುವೆಯಾದ ಹೆಣ್ಣುಮಕ್ಕಳ ಪತ್ರಗಳು. 'ನನ್ನಲ್ಲೇ ಏನೋ ಕೊರತೆಯಿದೆ' ಎಂಬ ಮಾತು ಹೆಚ್ಚಿನ ಪತ್ರಗಳಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞೆ ಮತ್ತು ಸ್ತ್ರೀರೋಗ ತಜ್ಞೆ ಕೂಡಿ ಬರೆದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ನನಗೆ 27. ಮದುವೆಯಾಗಿ 14 ತಿಂಗಳಾದರೂ ಒಮ್ಮೆಯೂ ಕೂಡಲು ಆಗಿಲ್ಲ. ಗಂಡನ ಸ್ಪರ್ಶ ಇಷ್ಟವೇ. ಆದರೆ ಒಳಪ್ರವೇಶದ ಹೊತ್ತಿಗೆ ತೊಡೆ ತಾನಾಗಿ ಬಿಗಿಯುತ್ತದೆ, ಗೋಡೆ ಅಡ್ಡ ಬಂದಂತಾಗುತ್ತದೆ, ಉರಿಯುತ್ತದೆ. ಒಬ್ಬ ಡಾಕ್ಟರು 'ರಿಲ್ಯಾಕ್ಸ್ ಆಗಮ್ಮ' ಎಂದರು, ಇನ್ನೊಬ್ಬರು ಕನ್ಯಾಪೊರೆ ಕತ್ತರಿಸೋಣ ಎಂದರು. ಅತ್ತೆ 'ಇನ್ನೂ ವಿಶೇಷ ಇಲ್ವಾ' ಅನ್ನುತ್ತಿದ್ದಾರೆ. (ರಾಜರಾಜೇಶ್ವರಿನಗರ)

ಉತ್ತರ: ನೀವು ಹೇಳುತ್ತಿರುವುದು ವೆಜೈನಿಸ್ಮಸ್ ಎಂಬ ಸ್ಥಿತಿಗೆ ಹೊಂದುತ್ತದೆ. ಯೋನಿದ್ವಾರವನ್ನು ಸುತ್ತುವರಿದ ಪೆಲ್ವಿಕ್ ಫ್ಲೋರ್ ಸ್ನಾಯುಗಳು, ಅಂದರೆ ಮೂತ್ರ ತಡೆಯುವಾಗ ನಾವು ಬಿಗಿಯುವ ಸ್ನಾಯುಗಳು, ಪ್ರವೇಶದ ಸುಳಿವು ಸಿಕ್ಕ ಕೂಡಲೇ ನಿಮ್ಮ ಅಪ್ಪಣೆ ಕೇಳದೆ ಮುಚ್ಚಿಕೊಳ್ಳುತ್ತವೆ. ನೋವಾಗಬಹುದೆಂಬ ಹೆದರಿಕೆ ಬಿಗಿತ ತರುತ್ತದೆ, ಬಿಗಿತ ನಿಜಕ್ಕೂ ನೋವು ತರುತ್ತದೆ, ಆ ನೋವು ಮುಂದಿನ ಸಲದ ಹೆದರಿಕೆಯನ್ನು ಗಟ್ಟಿ ಮಾಡುತ್ತದೆ. ಇದು ಬೇಕೆಂದು ಮಾಡುವುದಲ್ಲ, ಗಂಡನ ಮೇಲೆ ಪ್ರೀತಿ ಇಲ್ಲದ್ದರ ಗುರುತೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ರೋಗಸೂಚಿಯಲ್ಲಿ ವೆಜೈನಿಸ್ಮಸ್ಸನ್ನೂ ಸಂಭೋಗದ ನೋವನ್ನೂ ಒಂದೇ ಹೆಸರಿನಡಿ ತಂದಿತು. ಹೆದರಿಕೆ, ಬಿಗಿತ, ನೋವು ಒಂದರೊಳಗೊಂದು ಹೆಣೆದುಕೊಂಡೇ ಇರುತ್ತವೆ.

ಪೊರೆ ಕತ್ತರಿಸಲು ಒಪ್ಪುವ ಮೊದಲು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ. ಬಿಗಿಯುತ್ತಿರುವುದು ಸ್ನಾಯು. ಪೊರೆ ಹೋದರೂ ಸ್ನಾಯುವಿನ ಅಭ್ಯಾಸ ಹಾಗೇ ಉಳಿಯುತ್ತದೆ, ಗಾಯದ ನೋವು ಬೇರೆ ಸೇರುತ್ತದೆ. ಪೊರೆಯಲ್ಲಿ ಅಡ್ಡಪಟ್ಟಿ ಇದೆಯೇ, ಸೋಂಕು ಇದೆಯೇ, ಹತ್ತಿಕಡ್ಡಿ ಮುಟ್ಟಿಸಿದರೂ ದ್ವಾರದ ಚರ್ಮ ಉರಿಯುತ್ತದೆಯೇ ಎಂದು ನೋಡಬೇಕು. ಉರಿ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಮೊದಲ ಭೇಟಿಯಲ್ಲೇ ಒಳಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದಿಲ್ಲ. 'ಇವತ್ತು ಬೇಡ' ಎನ್ನುವ ಹಕ್ಕು ನಿಮಗಿದೆ.

ಇವತ್ತಿನಿಂದಲೇ ಆಗಬೇಕಾದ ಕೆಲಸ ಒಂದಿದೆ: ಪ್ರವೇಶದ ಪ್ರಯತ್ನವನ್ನು ಇಬ್ಬರೂ ಮಾತಾಡಿಕೊಂಡು ಪೂರ್ತಿ ನಿಲ್ಲಿಸುವುದು. ವಿಫಲವಾದ ಪ್ರತಿ ಯತ್ನವೂ ಮೆದುಳಿಗೆ ಅದೇ ಪಾಠವನ್ನು ಮತ್ತೆ ಕಲಿಸುತ್ತದೆ. ಅಪ್ಪುಗೆ, ಮುತ್ತು, ಸ್ಪರ್ಶ ಇರಲಿ.

ಆಮೇಲೆ ಉಸಿರಿನ ಅಭ್ಯಾಸ. ಅಂಗಾತ ಮಲಗಿ, ಮಂಡಿ ಮಡಚಿ, ಮಂಡಿಗಳ ಹೊರಬದಿಗೆ ದಿಂಬು ಕೊಡಿ. ನಾಲ್ಕು ಎಣಿಸುವವರೆಗೆ ಹೊಟ್ಟೆ ಉಬ್ಬುವಂತೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ಐದು ನಿಮಿಷ, ದಿನಕ್ಕೆ ಎರಡು ಸಲ. ಅದು ರೂಢಿಯಾದ ಮೇಲೆ ಆ ಸ್ನಾಯುವನ್ನು 3 ಸೆಕೆಂಡ್ ಬಿಗಿದು 10 ಸೆಕೆಂಡ್ ಸಡಿಲ ಬಿಡಿ. ಇಲ್ಲಿ ಹಲವರು ಎಡವುತ್ತಾರೆ. ಯೂಟ್ಯೂಬ್ ನೋಡಿ ದಿನಕ್ಕೆ ನೂರು ಕೆಗೆಲ್ ಮಾಡುವವರಿದ್ದಾರೆ. ಕೆಗೆಲ್ ಸಡಿಲಾದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ. ನಿಮ್ಮ ಸ್ನಾಯು ಈಗಾಗಲೇ ಅತಿಯಾಗಿ ಬಿಗಿದಿದೆ, ಅದು ಕಲಿಯಬೇಕಾದದ್ದು ಬಿಡುವುದನ್ನು.

ಮುಂದಿನ ಹಂತಗಳು ನಿಮ್ಮ ಕೈಯಲ್ಲೇ ಇರುತ್ತವೆ. ಕನ್ನಡಿಯಲ್ಲಿ ನೋಡಿಕೊಳ್ಳುವುದು, ಹೊರಗಿನಿಂದ ಮುಟ್ಟುವುದು, ಉಗುರು ಕತ್ತರಿಸಿದ ಬೆರಳಿನ ತುದಿಗೆ ನೀರಿನ ಆಧಾರದ ಲೂಬ್ರಿಕೆಂಟ್ ಹಚ್ಚಿ ಉಸಿರು ಬಿಡುವಾಗ ಒಳಗಿಡುವುದು, ಆಮೇಲೆ ಡೈಲೇಟರ್. ಇವು ಕಿರುಬೆರಳಿನ ಗಾತ್ರದಿಂದ ಶುರುವಾಗುವ ನಯವಾದ ಕೊಳವೆಗಳು, ಸೆಟ್ಟಾಗಿ ಸಿಗುತ್ತವೆ. ವಾರಕ್ಕೆ ನಾಲ್ಕೈದು ದಿನ, ಸುಮಾರು ಹತ್ತು ನಿಮಿಷ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಹೆದರಿಕೆ ಎರಡಕ್ಕೆ ಇಳಿದ ಮೇಲಷ್ಟೇ ಮುಂದಿನ ಗಾತ್ರ. ನೋವಾದರೆ ಹಿಂದಿನ ಗಾತ್ರಕ್ಕೆ ಬನ್ನಿ, ಅದು ಸೋಲಲ್ಲ. ಸಿಲಿಕೋನ್ ಡೈಲೇಟರ್‌ಗೆ ಸಿಲಿಕೋನ್ ಲೂಬ್ರಿಕೆಂಟ್ ಬೇಡ, ಮೇಲ್ಮೈ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಲೇಟೆಕ್ಸ್ ಕಾಂಡೋಮನ್ನು ಹರಿಯುವಂತೆ ಮಾಡುತ್ತದೆ. ಕೊನೆಯ ಹಂತಗಳಲ್ಲಿ ಗಂಡನ ಬೆರಳು, ಗಂಡ ಹಿಡಿದು ನೀವು ದಾರಿ ತೋರುವ ಡೈಲೇಟರ್, ಆಮೇಲೆ ನೀವು ಮೇಲಿದ್ದು ವೇಗ ಆಳ ಎರಡನ್ನೂ ನೀವೇ ನಿರ್ಧರಿಸುವ ಮಿಲನ. ಮೊದಲ ಕೆಲವು ಸಲ ಚಲನೆಯೇ ಇಲ್ಲದೆ.

ಕೆಡುವುದು ಎಲ್ಲಿ? ರಾತ್ರಿ ಹನ್ನೊಂದೂವರೆಗೆ ಸುಸ್ತಾಗಿ ಶುರು ಮಾಡಿದಾಗ, ಗಂಡ ದಿನಾ 'ಎಷ್ಟನೇ ಸೈಜು' ಎಂದು ಕೇಳಿದಾಗ, ಮರಗಟ್ಟಿಸುವ ಜೆಲ್ ಹಚ್ಚಿ ದಾಟಿಬಿಡೋಣ ಎಂದುಕೊಂಡಾಗ. 'ಮೊದಲ ರಾತ್ರಿ ಹರಿಯುತ್ತದೆ, ರಕ್ತ ಬರಲೇಬೇಕು' ಎಂದು ಗೆಳತಿಯರು, ಚಿಕ್ಕಮ್ಮಂದಿರು ತುಂಬಿದ ಕಥೆಗಳನ್ನು ಆಪ್ತಸಮಾಲೋಚನೆಯಲ್ಲಿ ಒಂದೊಂದಾಗಿ ಹೊರತೆಗೆದು ಪರೀಕ್ಷಿಸದಿದ್ದರೆ ಡೈಲೇಟರ್ ಒಂದೇ ಸಾಲದು. ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ (ಸಿಬಿಟಿ) ಕೆಲಸ ಅದೇ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಮಾಡುವವರು ಬೆಂಗಳೂರಿನಲ್ಲಿದ್ದಾರೆ; ಸ್ತ್ರೀರೋಗ ತಜ್ಞರು, ಆಪ್ತಸಮಾಲೋಚಕರು, ಫಿಸಿಯೋಥೆರಪಿಸ್ಟ್ ಮೂವರೂ ಒಟ್ಟಾಗಿ ನೋಡಿದರೆ ಬಹಳಷ್ಟು ಹೆಣ್ಣುಮಕ್ಕಳಿಗೆ ಕೆಲವು ತಿಂಗಳಲ್ಲಿ ಗುಣ ಕಾಣುತ್ತದೆ. ಅತ್ತೆಗೆ ಉತ್ತರ ಕೊಡುವ ಹೊಣೆಯನ್ನು ಅಷ್ಟರವರೆಗೆ ನಿಮ್ಮ ಗಂಡ ಹೊರಲಿ.

ಪ್ರಶ್ನೆ: ನನಗೆ 34, ಇಬ್ಬರೂ ಐಟಿ. ನನಗಾಗಿಯೇ ಆಸೆ ಹುಟ್ಟುವುದೇ ಇಲ್ಲ. ಅವರು ಶುರು ಮಾಡಿ ಸ್ವಲ್ಪ ಹೊತ್ತಾದ ಮೇಲೆ ಚೆನ್ನಾಗಿಯೇ ಇರುತ್ತದೆ. ಆದರೂ 'ನಿನಗೆ ನಾನು ಬೇಡ' ಎಂದು ಅವರಿಗೆ ಬೇಸರ. ಹಾರ್ಮೋನ್ ಟೆಸ್ಟ್ ಮಾಡಿಸಲೇ? (ಮಾರತ್‌ಹಳ್ಳಿ)

ಉತ್ತರ: ಮೊದಲು ಆಸೆ, ಆಮೇಲೆ ಸ್ಪರ್ಶ ಎಂಬ ಕ್ರಮ ಎಲ್ಲರದ್ದೂ ಅಲ್ಲ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಇದನ್ನು ವಿವರಿಸಿದರು: ದೀರ್ಘ ದಾಂಪತ್ಯದಲ್ಲಿರುವ ಅನೇಕ ಹೆಂಗಸರಲ್ಲಿ ಹತ್ತಿರವಾಗುವ ಇಚ್ಛೆ ಮತ್ತು ಹಿತವಾದ ಸ್ಪರ್ಶ ಮೊದಲು ಬರುತ್ತವೆ, ಆಸೆ ಅವುಗಳ ನಂತರ ಎದ್ದು ಬರುತ್ತದೆ. ಇದು ಕಾಯಿಲೆಯಲ್ಲ. ಮುಟ್ಟು ಸರಿಯಾಗಿದ್ದರೆ ಹಾರ್ಮೋನ್ ಪರೀಕ್ಷೆಗಳ ಉದ್ದ ಪಟ್ಟಿ ಬೇಕಿಲ್ಲ. ಸುಸ್ತು ಇದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಸಾಕು.

ಹೆಚ್ಚು ಗಮನ ಬೇಕಿರುವುದು ತಡೆಗಳ ಕಡೆಗೆ. ಲೈಂಗಿಕತೆಯ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸಿ ಸಂಸ್ಥೆಯ ಬ್ಯಾಂಕ್ರಾಫ್ಟ್ ಮತ್ತು ಯಾನ್ಸೆನ್ ಅವರ ಪ್ರಕಾರ ಮೆದುಳಿನಲ್ಲಿ ಕಾಮಕ್ಕೆ ಆಕ್ಸಿಲರೇಟರೂ ಬ್ರೇಕೂ ಬೇರೆ ಬೇರೆ. ಬ್ರೇಕಿನ ಮೇಲೆ ಕಾಲಿಟ್ಟು ಆಕ್ಸಿಲರೇಟರ್ ಒತ್ತಿದರೆ ಏನೂ ಆಗದು. ಹೊಸ ನೈಟಿ, ವಾರಾಂತ್ಯದ ಕೂರ್ಗ್ ರೆಸಾರ್ಟ್ ಕೆಲಸ ಮಾಡದಿರುವುದು ಇದರಿಂದಲೇ. ನಿಮ್ಮ ಬ್ರೇಕುಗಳನ್ನು ಕಾಗದದಲ್ಲಿ ಬರೆಯಿರಿ. ಸಿಲ್ಕ್ ಬೋರ್ಡ್ ದಾಟಿ ಬಂದ ಸುಸ್ತು, ರಾತ್ರಿ ಹತ್ತರ ಕಾಲ್, ಹಾಲ್‌ನಲ್ಲಿ ಮಲಗುವ ಮಾವ, ತೊಳೆಯದ ಪಾತ್ರೆ, ಮಧ್ಯಾಹ್ನದ ಜಗಳಕ್ಕೆ ಸಿಗದ ಕ್ಷಮೆ, ಹೊಟ್ಟೆ ದಪ್ಪಗಾಗಿದೆ ಎಂಬ ನಾಚಿಕೆ. ಅದರಲ್ಲಿ ಗಂಡ ತೆಗೆಯಬಹುದಾದವು ಎಷ್ಟೆಂದು ಇಬ್ಬರೂ ಕೂತು ಗುರುತಿಸಿ. ಮನೆಗೆಲಸದ ಹಂಚಿಕೆಯನ್ನು ಲೈಂಗಿಕ ಚಿಕಿತ್ಸೆಯ ಭಾಗವೆಂದೇ ನಾವು ನೋಡುತ್ತೇವೆ.

ಜೊತೆಗೆ ಸೆನ್ಸೇಟ್ ಫೋಕಸ್ ಮಾಡಿ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ವಾರಕ್ಕೆ ಎರಡು ಸಲ, ಫೋನ್ ಕೋಣೆಯ ಹೊರಗಿಟ್ಟು, ಒಬ್ಬರು ಇನ್ನೊಬ್ಬರನ್ನು 15 ರಿಂದ 20 ನಿಮಿಷ ಮುಟ್ಟಬೇಕು, ಆಮೇಲೆ ಸರದಿ ಬದಲು. ಮೊದಲ ಎರಡು ವಾರ ಸ್ತನ ಮತ್ತು ಜನನಾಂಗ ಮುಟ್ಟುವಂತಿಲ್ಲ, ಮಿಲನ ಖಂಡಿತ ಇಲ್ಲ. ಬಿಸಿ, ತಂಪು, ಒರಟು, ನಯ, ಒತ್ತಡ: ಮನಸ್ಸು ಅಲ್ಲಿರಲಿ. ಗಮನ ಆಫೀಸಿಗೆ ಹೋದರೆ ತಿರುಗಿ ಚರ್ಮಕ್ಕೆ ತನ್ನಿ. ಇಷ್ಟವಾಗದಿದ್ದರೆ ಮಾತಿನ ಬದಲು ಅವರ ಕೈ ಮೇಲೆ ಕೈಯಿಟ್ಟು ಬೇರೆಡೆಗೆ ಒಯ್ಯಿರಿ. ಎರಡನೇ ಹಂತದಲ್ಲಿ ಇಡೀ ದೇಹ ಸೇರುತ್ತದೆ, ಆದರೆ ಪರಾಕಾಷ್ಠೆಯ ಗುರಿಯಿಲ್ಲ. ಮೂರನೆಯದರಲ್ಲಷ್ಟೇ ಮಿಲನ. 'ಹೇಗಿತ್ತು, ಮೂಡ್ ಬಂತಾ' ಎಂಬ ಪ್ರಶ್ನೆ ಇದನ್ನು ಪರೀಕ್ಷೆಯಾಗಿಸಿ ಹಾಳು ಮಾಡುತ್ತದೆ. ಮೊದಲ ವಾರವೇ ನಿಯಮ ಮುರಿದು ಮುಂದುವರಿಯುವುದೂ ಅಷ್ಟೇ: ಮುಂದಿನ ಸಲ ನಿಮ್ಮ ದೇಹ 'ಇದು ಎಲ್ಲಿಗೆ ಹೋಗುತ್ತದೋ' ಎಂದು ಕಾವಲಿಗೆ ನಿಲ್ಲುತ್ತದೆ.

ಪ್ರಶ್ನೆ: ಮಗುವಿಗೆ 7 ತಿಂಗಳು, ಎದೆಹಾಲು ಕುಡಿಸುತ್ತಿದ್ದೇನೆ. ಬಾಣಂತನ ಮುಗಿಸಿ ತವರಿಂದ ಬಂದಿದ್ದೇನೆ. ಗಂಡ ಮುಟ್ಟಿದರೆ ಸಿಟ್ಟು ಬರುತ್ತದೆ. ಒಮ್ಮೆ ಪ್ರಯತ್ನಿಸಿದಾಗ ತುಂಬ ಉರಿ. (ವಿಜಯನಗರ)

ಉತ್ತರ: ಹಾಲೂಡಿಸುವಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ, ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಇಳಿದಿರುತ್ತದೆ. ಅದರಿಂದ ಯೋನಿ ಒಣಗುತ್ತದೆ, ಆಸೆಯೂ ಕುಗ್ಗುತ್ತದೆ. ದಿನವಿಡೀ ಮಗು ಮೈಗಂಟಿಕೊಂಡಿದ್ದ ಮೇಲೆ ಇನ್ನೊಂದು ಕೈ ಸಾಕೆನಿಸುವುದು ಸಹಜ. ಲೂಬ್ರಿಕೆಂಟ್ ಬಳಸಿ. ಹೊಲಿಗೆ ಹಾಕಿದ ಜಾಗ ಒಂದೇ ಕಡೆ ಚುಚ್ಚಿದಂತಾದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಉರಿಯ ಜೊತೆಗೆ ಮುಂದುವರಿಯಬೇಡಿ. ಎದೆಹಾಲು ಗರ್ಭ ತಡೆಯುತ್ತದೆಂಬ ನಂಬಿಕೆ ಮಗುವಿಗೆ 6 ತಿಂಗಳು ತುಂಬುವ ಮೊದಲು, ಬರೀ ಎದೆಹಾಲು ಕೊಡುತ್ತಿದ್ದು, ಮುಟ್ಟು ಶುರುವಾಗದಿದ್ದಾಗ ಮಾತ್ರ ಸರಿ. ನೀವು ಆ ಗಡಿ ದಾಟಿದ್ದೀರಿ, ಬೇರೆ ಗರ್ಭನಿರೋಧಕ ಬೇಕು.

ಸಿಟ್ಟಿನ ಮಾತು ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಕಾರಣವಿಲ್ಲದ ಅಳು, ಯಾವುದರಲ್ಲೂ ಖುಷಿ ಇಲ್ಲದಿರುವುದು ಎರಡು ವಾರ ಮೀರಿದ್ದರೆ ಹೆರಿಗೆಯ ನಂತರದ ಖಿನ್ನತೆ ಇರಬಹುದು. ಎಡಿನ್‌ಬರೋ ಪ್ರಶ್ನಾವಳಿ ಎಂಬ 10 ಪ್ರಶ್ನೆಗಳ ಪಟ್ಟಿಯಿಂದ ವೈದ್ಯರು ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡುತ್ತಾರೆ. ನಿಮಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲೈಂಗಿಕ ಜೀವನದ ಪ್ರಶ್ನೆ ಆಮೇಲೆ.

ಪ್ರಶ್ನೆ: ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಶುರುವಾಗಿ ಆರು ತಿಂಗಳು. ಮನಸ್ಸು ಹಗುರಾಗಿದೆ, ಆದರೆ ಪರಾಕಾಷ್ಠೆ ತಲುಪುವುದೇ ಇಲ್ಲ. ಮಾತ್ರೆ ಬಿಡಲೇ? (ಬಸವನಗುಡಿ)

ಉತ್ತರ: ನೀವಾಗಿ ಬಿಡಬೇಡಿ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು, ಖಿನ್ನತೆಯೂ ಮರಳಬಹುದು. ಪರಾಕಾಷ್ಠೆ ತಲುಪದಿರುವುದು ಈ ಗುಂಪಿನ ಮಾತ್ರೆಗಳಲ್ಲಿ ಗೊತ್ತಿರುವ, ಸಾಮಾನ್ಯ ಅಡ್ಡಪರಿಣಾಮ. ವೈದ್ಯರು ಪ್ರಮಾಣ ಇಳಿಸಬಹುದು, ಬುಪ್ರೋಪಿಯಾನ್ ಅಥವಾ ಮಿರ್ಟಾಜಪಿನ್‌ನಂಥ ಬೇರೆ ಮಾತ್ರೆಗೆ ಬದಲಿಸಬಹುದು. ಹೇಳಲು ನಾಚಿಕೆಯಾದರೆ 'ಮಾತ್ರೆ ಶುರುವಾದ ಮೇಲೆ ಲೈಂಗಿಕ ತೊಂದರೆ' ಎಂದು ಚೀಟಿಯಲ್ಲಿ ಬರೆದು ಮುಂದಿಡಿ, ಅಷ್ಟು ಸಾಕು. ಮಾತ್ರೆಗೆ ಮೊದಲು ಹೇಗಿತ್ತೆಂಬುದನ್ನೂ ನೆನಪಿಸಿಕೊಂಡು ಹೋಗಿ. ಮೊದಲಿಂದಲೂ ಮಿಲನವೊಂದರಿಂದಲೇ ಪರಾಕಾಷ್ಠೆ ಬರುತ್ತಿರಲಿಲ್ಲ ಎಂದಾದರೆ ಅದು ಮಾತ್ರೆಯ ತಪ್ಪಲ್ಲ. ಬಹುಪಾಲು ಹೆಂಗಸರಿಗೆ ಮಿಲನವೊಂದೇ ಸಾಲದು, ಭಗಾಂಕುರದ (ಕ್ಲಿಟೊರಿಸ್) ಸ್ಪರ್ಶವೂ ಬೇಕಾಗುತ್ತದೆ.

ಪ್ರಶ್ನೆ: ಚಿಕ್ಕವಳಿದ್ದಾಗ ನೆಂಟನೊಬ್ಬ ನನ್ನ ಮೇಲೆ ದೌರ್ಜನ್ಯ ಮಾಡಿದ್ದ. ಗಂಡ ಒಳ್ಳೆಯವರು. ಆದರೂ ಹತ್ತಿರ ಬಂದರೆ ಮರಗಟ್ಟಿ ಹೋಗುತ್ತೇನೆ. ಅವರಿಗೆ ಹೇಳಬೇಕೇ? (ಯಲಹಂಕ)

ಉತ್ತರ: ಆಗಿದ್ದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಮರಗಟ್ಟುವುದು ಅಪಾಯದಲ್ಲಿ ದೇಹ ತಾನಾಗಿ ಮಾಡುವ ರಕ್ಷಣೆ, ಅಪಾಯ ಕಳೆದು ಎಷ್ಟೋ ವರ್ಷವಾದರೂ ಒಂದು ವಾಸನೆ, ಒಂದು ಭಂಗಿ ಅದನ್ನು ಎಬ್ಬಿಸಬಹುದು. ಗಂಡನಿಗೆ ವಿವರ ಹೇಳಲೇಬೇಕೆಂದಿಲ್ಲ. 'ಕೆಲವು ಸ್ಪರ್ಶ ಹಳೆಯ ಹೆದರಿಕೆ ತರುತ್ತದೆ, ನಾನು ನಿಲ್ಲಿಸು ಅಂದರೆ ನಿಲ್ಲಿಸಬೇಕು' ಎಂಬಷ್ಟು ಸಾಕು. ದೀಪ ಹಾಕಿರಲಿ, ಕಣ್ಣು ತೆರೆದಿರಲಿ. ಮನಸ್ಸು ಕಳಚಿಕೊಂಡಂತಾದರೆ ಎದ್ದು ಕೂತು ಪಾದ ನೆಲಕ್ಕೂರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಮೇಲೆ ಹೇಳಿದ ಸ್ಪರ್ಶದ ಅಭ್ಯಾಸಗಳನ್ನು ಈಗಲೇ ಶುರು ಮಾಡಬೇಡಿ, ಮೊದಲು ಆಘಾತಕ್ಕೆ ಚಿಕಿತ್ಸೆ ಆಗಬೇಕು. ಆಘಾತ ಕೇಂದ್ರಿತ ಸಿಬಿಟಿ ಮತ್ತು ಕಣ್ಣಿನ ಚಲನೆಯ ನೆರವಿನಿಂದ ನೋವಿನ ನೆನಪನ್ನು ಹಗುರ ಮಾಡುವ ಇಎಮ್‌ಡಿಆರ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಮೊದಲ ದಿನವೇ ಎಲ್ಲವನ್ನೂ ಹೇಳಿಸುವ ಅವಸರ ತೋರುವವರ ಬಳಿ ಮುಂದುವರಿಯಬೇಡಿ.

ಪ್ರಶ್ನೆ: 49 ವರ್ಷ, ಮುಟ್ಟು ನಿಂತಿದೆ. ನೋವಿನ ಹೆದರಿಕೆಗೆ ಬೇರೆ ಕೋಣೆಯಲ್ಲಿ ಮಲಗುತ್ತೇನೆ. (ಮಲ್ಲೇಶ್ವರ)

ಉತ್ತರ: ವಾರಕ್ಕೆ ಎರಡು ಮೂರು ಸಲ ಯೋನಿಯ ಮಾಯಿಶ್ಚರೈಸರ್, ಮಿಲನದ ವೇಳೆ ಲೂಬ್ರಿಕೆಂಟ್. ಸಾಲದಿದ್ದರೆ ವೈದ್ಯರು ಈಸ್ಟ್ರೋಜನ್ ಕ್ರೀಮ್ ಕೊಡುತ್ತಾರೆ, ಸಾಮಾನ್ಯವಾಗಿ ಎರಡು ವಾರ ದಿನವೂ, ನಂತರ ವಾರಕ್ಕೆರಡು ಸಲ. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ತಿಳಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡಮಾಡದೆ ತೋರಿಸಿ. ಬೇರೆ ಕೋಣೆಗೆ ಕಾರಣ ನೋವು ಎಂಬುದನ್ನು ಗಂಡನಿಗೆ ಹೇಳಿ. ಅವರು ಬೇರೇನೋ ಅರ್ಥ ಮಾಡಿಕೊಂಡಿರಬಹುದು.

ಪ್ರಶ್ನೆ: ಬೇಡವೆಂದರೂ ಗಂಡ ಬಲವಂತ ಮಾಡುತ್ತಾನೆ. ನನಗೆ ಆಸಕ್ತಿ ಬರುವಂಥ ಚಿಕಿತ್ಸೆ ಇದೆಯೇ? (ಪೀಣ್ಯ)

ಉತ್ತರ: ನಿಮಗೆ ಚಿಕಿತ್ಸೆ ಬೇಕಿಲ್ಲ, ರಕ್ಷಣೆ ಬೇಕು. ಬಲವಂತವಿರುವಲ್ಲಿ ಆಸೆ ಹುಟ್ಟದಿರುವುದೇ ಆರೋಗ್ಯ. 18 ದಾಟಿದ ಹೆಂಡತಿಯ ವಿಷಯದಲ್ಲಿ ನಮ್ಮ ದಂಡಸಂಹಿತೆ ಇದನ್ನು ಅತ್ಯಾಚಾರ ಎನ್ನುವುದಿಲ್ಲ, ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ರಕ್ಷಣಾ ಆದೇಶ, ವಾಸದ ಹಕ್ಕು ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಹಂತದಲ್ಲಿ ಗಂಡನ ಜೊತೆ ಕೂತು ದಂಪತಿ ಸಮಾಲೋಚನೆ ಬೇಡ. ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳುವ ಅಪಾಯವಿದೆ.

ಪ್ರಶ್ನೆ: ಯಾರ ಬಳಿ ಹೋಗಬೇಕು? ಗೋಡೆಯ ಮೇಲಿನ 'ಗುಪ್ತ ರೋಗ' ಜಾಹೀರಾತು ನಂಬಬಹುದೇ? (ಹಲವರು)

ಉತ್ತರ: ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕೇಳುವುದು ಅಗೌರವವಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಕಡೆ ಸಿಗುತ್ತಾರೆ. ಅಲ್ಲಿಗೆ ಹೋಗುವ ಧೈರ್ಯ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿದೆ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಗಂಡನಿಗಾಗಲಿ ಅತ್ತೆಗಾಗಲಿ ಸಾಮಾನ್ಯವಾಗಿ ತಿಳಿಸುವಂತಿಲ್ಲ. ಮನಶ್ಶಾಸ್ತ್ರಜ್ಞರು ನಿಮ್ಮ ಬಟ್ಟೆ ಬಿಚ್ಚಿಸುವುದಾಗಲಿ, ಮೈ ಮುಟ್ಟುವುದಾಗಲಿ ಯಾವ ಚಿಕಿತ್ಸೆಯಲ್ಲೂ ಇಲ್ಲ. ಹಾಗೆ ಮಾಡಿದರೆ ತಕ್ಷಣ ಎದ್ದು ಬಂದು ದೂರು ಕೊಡಿ. ಮೊದಲ ಭೇಟಿಗೆ ಒಬ್ಬರೇ ಹೋಗಿ, ಎರಡನೆಯದಕ್ಕೆ ಗಂಡನನ್ನು ಕರೆಯಬೇಕೇ ಎಂಬುದನ್ನು ಚಿಕಿತ್ಸಕರೊಂದಿಗೆ ಮಾತಾಡಿ ನೀವೇ ತೀರ್ಮಾನಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಮತ್ತು ಕೊನೆಯ ಮುಟ್ಟಿನ ದಿನಾಂಕ ಬರೆದುಕೊಂಡು ಹೋಗಿ.