ಓದುಗರ ಪ್ರಶ್ನೆ: ಭೂಕಂಪದ ನಾಡಿನಲ್ಲಿ ಫಿಸಿಯೊಥೆರಪಿಸ್ಟರಿಗೇನು ಕೆಲಸ?

ಪ್ರಶ್ನೆ: ನನ್ನ ಮಗಳು ಫಿಸಿಯೊಥೆರಪಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮುಂದೆ ಅಂತಾರಾಷ್ಟ್ರೀಯ ನೆರವು ಸಂಸ್ಥೆಯಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ಯುದ್ಧ, ಭೂಕಂಪ ಎಂದರೆ ಡಾಕ್ಟರು, ನರ್ಸುಗಳು ಹೋಗುವುದನ್ನು ಕೇಳಿದ್ದೇವೆ. ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುವವರಿಗೆ ಅಲ್ಲೇನು ಕೆಲಸವೆಂದು ಮನೆಯವರೆಲ್ಲ ಕೇಳುತ್ತಾರೆ.
– ತಾಯಿಯೊಬ್ಬರು, ಉಡುಪಿ

ಉತ್ತರ: ಮನೆಯವರ ಸಂಶಯ ಸಹಜವಾದದ್ದೇ. ದುರಂತದ ಸುದ್ದಿಯನ್ನು ನಾವು ನೋಡುವುದು ಮೊದಲ ವಾರ ಮಾತ್ರ, ಮತ್ತು ಆ ವಾರದಲ್ಲಿ ಕಣ್ಣಿಗೆ ಬೀಳುವವರು ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವವರು ಹಾಗೂ ಶಸ್ತ್ರಚಿಕಿತ್ಸಕರು. ಆದರೆ ಭೂಕಂಪದಲ್ಲಿ ಬದುಕುಳಿದವರಲ್ಲಿ ಹೆಚ್ಚಾಗಿ ಕಾಣುವ ಗಾಯಗಳು ಯಾವುವೆಂದು ಯೋಚಿಸಿದರೆ ನಿಮ್ಮ ಮಗಳ ಕೆಲಸ ತಾನಾಗಿಯೇ ಸ್ಪಷ್ಟವಾಗುತ್ತದೆ: ಕೈಕಾಲುಗಳ ಮೂಳೆ ಮುರಿತ, ಜಜ್ಜಿಹೋದ ಸ್ನಾಯುಗಳು, ಕತ್ತರಿಸಲೇಬೇಕಾಗಿ ಬಂದ ಕಾಲು, ಬೆನ್ನುಹುರಿಗೆ ಬಿದ್ದ ಪೆಟ್ಟು. ಇವುಗಳಲ್ಲಿ ಯಾವುದೂ ಹೊಲಿಗೆ ಹಾಕಿದ ಕೂಡಲೇ ಮುಗಿಯುವಂಥದ್ದಲ್ಲ. ಮಂಡಿಯ ಕೆಳಗೆ ಕಾಲು ಕತ್ತರಿಸಿದವರು ನೋವು ಕಡಿಮೆಯಾಗುತ್ತದೆಂದು ಮಂಡಿಯನ್ನು ಮಡಚಿ ದಿಂಬಿನ ಮೇಲೆ ಇಟ್ಟುಕೊಂಡೇ ದಿನಗಳನ್ನು ಕಳೆದರೆ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ ಎಷ್ಟು ಒಳ್ಳೆಯ ಕೃತಕ ಕಾಲು ಸಿಕ್ಕರೂ ನೆಟ್ಟಗೆ ನಿಲ್ಲುವುದು ಕಷ್ಟವಾಗುತ್ತದೆ. ಅದನ್ನು ತಪ್ಪಿಸುವ ಕೆಲಸ ಮೊದಲ ದಿನಗಳಲ್ಲೇ ನಡೆಯಬೇಕು.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಗಾಯಗೊಂಡವರು ಅದರ ದುಪ್ಪಟ್ಟಿಗೂ ಹೆಚ್ಚು. ಕಠ್ಮಂಡುವಿಗೆ ಸಮೀಪದ ಸಾಂಗಾದಲ್ಲಿರುವ ಬೆನ್ನುಹುರಿ ಪುನಶ್ಚೇತನ (ಗಾಯ, ಕಾಯಿಲೆಯ ನಂತರ ಮತ್ತೆ ಸಾಧ್ಯವಾದಷ್ಟು ಸ್ವಂತವಾಗಿ ಬದುಕುವಂತೆ ಮಾಡುವ ಚಿಕಿತ್ಸೆ) ಕೇಂದ್ರ ತನ್ನ ಹಾಸಿಗೆಗಳ ಮಿತಿಯನ್ನು ಮೀರಿ ರೋಗಿಗಳನ್ನು ಸೇರಿಸಿಕೊಳ್ಳಬೇಕಾಯಿತು. ಇಂಥ ಅನುಭವಗಳ ನಂತರ, 2016ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತುರ್ತು ವೈದ್ಯಕೀಯ ತಂಡಗಳಿಗಾಗಿ ಪುನಶ್ಚೇತನದ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. ಒಳರೋಗಿಗಳನ್ನು ಇರಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡುವ ತಂಡದಲ್ಲಿ 20 ಹಾಸಿಗೆಗಳಿಗೆ ಫಿಸಿಯೊಥೆರಪಿಸ್ಟರಂಥ ಕನಿಷ್ಠ ಒಬ್ಬ ಪುನಶ್ಚೇತನ ತಜ್ಞರಾದರೂ ಆರಂಭದಿಂದಲೇ ಇರಬೇಕೆಂಬುದು ಅದರ ಅಪೇಕ್ಷೆ. ಹೀಗಾಗಿ ಫಿಸಿಯೊಥೆರಪಿಸ್ಟರನ್ನು ಆಮೇಲೆ ನೋಡೋಣವೆಂದು ಹೊರಗಿಡುವಂತಿಲ್ಲ.

ಇನ್ನು ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ ನಾನು ಸದಾ ಕೊಡುವ ಉದಾಹರಣೆ ಆಲ್ಬರ್ಟೊ ಕೈರೊ ಅವರದು. ಇಟಲಿಯಲ್ಲಿ ಕಾನೂನು ಓದಿ, ಆಮೇಲೆ ಫಿಸಿಯೊಥೆರಪಿಗೆ ಬಂದ ಇವರು 1990ರಲ್ಲಿ ರೆಡ್ ಕ್ರಾಸ್ ಅಂತಾರಾಷ್ಟ್ರೀಯ ಸಮಿತಿಯ ಪರವಾಗಿ ಕಾಬೂಲಿಗೆ ಹೋದರು. ನೆಲಬಾಂಬಿಗೆ ಕಾಲು ಕಳೆದುಕೊಂಡವರಿಗಾಗಿ ಆರಂಭವಾದ ಅಲ್ಲಿನ ಕೇಂದ್ರ ಕ್ರಮೇಣ ಪೋಲಿಯೊ ಪೀಡಿತರಿಗೂ, ಅಪಘಾತಕ್ಕೊಳಗಾದವರಿಗೂ, ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಮಕ್ಕಳಿಗೂ ಬಾಗಿಲು ತೆರೆಯಿತು. ಕೃತಕ ಕಾಲು ತಯಾರಿಸುವವರಿಂದ ಹಿಡಿದು ಫಿಸಿಯೊಥೆರಪಿಸ್ಟರವರೆಗೆ ಅಲ್ಲಿನ ಸಿಬ್ಬಂದಿಯಲ್ಲಿ ಬಹುತೇಕರು ಸ್ವತಃ ಅಂಗವಿಕಲರು, ಹಲವರು ಅದೇ ಕೇಂದ್ರದ ಹಿಂದಿನ ರೋಗಿಗಳು. ಹೊರಗಿನಿಂದ ಹೋದವರು ಎಷ್ಟು ಜನರನ್ನು ಮುಟ್ಟಿ ಚಿಕಿತ್ಸೆ ಮಾಡಿದರು ಎನ್ನುವುದಕ್ಕಿಂತ, ತಾವು ಹೊರಟ ಮೇಲೂ ಕೆಲಸ ನಡೆಸಬಲ್ಲ ಎಷ್ಟು ಜನರನ್ನು ಅಲ್ಲಿ ತಯಾರು ಮಾಡಿದರು ಎನ್ನುವುದನ್ನೇ ಈ ಕ್ಷೇತ್ರದಲ್ಲಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮಂಡಿನೋವಿನ ಬಗ್ಗೆಯೂ ಒಂದು ಮಾತು. ಜಗತ್ತಿನಲ್ಲಿ ಪುನಶ್ಚೇತನ ಸೇವೆಯಿಂದ ಪ್ರಯೋಜನ ಪಡೆಯಬಲ್ಲ ಆರೋಗ್ಯ ಸಮಸ್ಯೆ ಇರುವವರು ಸುಮಾರು 241 ಕೋಟಿ ಜನರೆಂದು 2019ರ ಅಂಕಿಅಂಶಗಳನ್ನು ಆಧರಿಸಿದ ಅಂದಾಜು ಹೇಳುತ್ತದೆ. ಅವರಲ್ಲಿ ಬಹುಪಾಲು ಜನರದು ಬೆನ್ನು, ಕುತ್ತಿಗೆ, ಮಂಡಿನೋವಿನಂಥ ಮೂಳೆ, ಕೀಲು, ಸ್ನಾಯುಗಳ ತೊಂದರೆಯೇ. ದಿನವಿಡೀ ತಲೆ ಬಗ್ಗಿಸಿ ಬೀಡಿ ಕಟ್ಟುವ ನಮ್ಮೂರಿನ ಹೆಂಗಸರೂ ಆ ಲೆಕ್ಕದೊಳಗೇ ಬರುತ್ತಾರೆ. ಕೆಲವು ಬಡ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಹತ್ತು ಮಂದಿ ಪುನಶ್ಚೇತನ ತಜ್ಞರೂ ಇಲ್ಲ. 2023ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸೇರುವ ವಿಶ್ವ ಆರೋಗ್ಯ ಸಭೆ ಈ ಸೇವೆಯನ್ನು ಆರೋಗ್ಯ ವ್ಯವಸ್ಥೆಯ ಭಾಗವನ್ನಾಗಿಸಬೇಕೆಂದು ನಿರ್ಣಯ ಅಂಗೀಕರಿಸಿತು. ನಿರ್ಣಯವೇನೋ ಆಯಿತು, ಕೈಗಳು ಬೇಕಲ್ಲ!

ಪ್ರಶ್ನೆ: ನನ್ನ ತಮ್ಮ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ್ದಾಗ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಾನೆ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಕರೆತಂದಿದ್ದೇವೆ. ಮನೆ ಗುಡ್ಡದ ಮೇಲಿದೆ, ಜೀಪು ಅಂಗಳದವರೆಗೆ ಬರುವುದಿಲ್ಲ. ವಾರಕ್ಕೆ ಮೂರು ಸಲ ಫಿಸಿಯೊಥೆರಪಿಗೆ ಬನ್ನಿ ಎನ್ನುತ್ತಾರೆ. ನಮ್ಮಂಥವರು ಏನು ಮಾಡಬೇಕು?
– ಅಣ್ಣ, ಪುತ್ತೂರು ಕಡೆಯ ಗ್ರಾಮ

ಉತ್ತರ: ನಿಮ್ಮ ಪ್ರಶ್ನೆಗೂ ಮೇಲಿನ ಪ್ರಶ್ನೆಗೂ ದೂರವೇನೂ ಇಲ್ಲ. ಆಸ್ಪತ್ರೆಗೆ ಬರಲಾಗದವರ ಮನೆಗೆ ಈ ವಿದ್ಯೆಯನ್ನು ಹೇಗೆ ತಲುಪಿಸಬೇಕೆಂಬ ಪ್ರಶ್ನೆಯಿಂದಲೇ, ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದ 1978ರ ಆಲ್ಮಾ ಆಟಾ ಘೋಷಣೆಯ ಕಾಲದಲ್ಲಿ, ಸಮುದಾಯ ಆಧಾರಿತ ಪುನಶ್ಚೇತನವೆಂಬ ಕ್ರಮ ರೂಪುಗೊಂಡಿತು. ಫಿಸಿಯೊಥೆರಪಿಸ್ಟರು ಮನೆಯವರಿಗೂ ಊರಿನ ಕಾರ್ಯಕರ್ತರಿಗೂ ಕಲಿಸುತ್ತಾರೆ, ದಿನನಿತ್ಯದ ಕೆಲಸ ಅವರು ಮಾಡುತ್ತಾರೆ, ತಜ್ಞರು ಆಗಾಗ ಬಂದು ಪರೀಕ್ಷಿಸುತ್ತಾರೆ.

ಆದ್ದರಿಂದ ವಾರಕ್ಕೆ ಮೂರು ಸಲ ಆಗದೆಂದು ಸುಮ್ಮನಿರಬೇಡಿ. ಸಾಧ್ಯವಾದರೆ ಆರಂಭದಲ್ಲಿ ಕೆಲವು ವಾರ ಒಳರೋಗಿಯಾಗಿ ಸೇರಿಸಿ, ಮನೆಯ ಇಬ್ಬರು ಜತೆಗಿದ್ದು ಎಲ್ಲವನ್ನೂ ಕಲಿತುಕೊಳ್ಳಿ. ಒಬ್ಬರಲ್ಲ, ಇಬ್ಬರು; ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರು ಬೇಕಾಗುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆಮೇಲೆ ಅಪಾಯ ತರುವುದು ಹೆಚ್ಚಾಗಿ ಒತ್ತಡದ ಹುಣ್ಣು ಮತ್ತು ಮೂತ್ರದ ಸೋಂಕು. ಸ್ಪರ್ಶಜ್ಞಾನ ಇಲ್ಲದ ಕಡೆ ಚರ್ಮ ಒತ್ತಿ ಹುಣ್ಣಾಗುತ್ತಿದ್ದರೂ ರೋಗಿಗೆ ನೋವೇ ತಿಳಿಯುವುದಿಲ್ಲ. ಮಲಗಿದ್ದಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಾಲಿಕುರ್ಚಿಯಲ್ಲಿ ಕುಳಿತಿದ್ದಾಗ ಕನಿಷ್ಠ ಅರ್ಧ ಗಂಟೆಗೊಮ್ಮೆಯಾದರೂ ತೋಳುಗಳ ಬಲದಿಂದ ಮೈಯನ್ನು ಮೇಲೆತ್ತಿ ಒತ್ತಡ ಇಳಿಸುವುದು, ಬೆಳಿಗ್ಗೆ ಮತ್ತು ರಾತ್ರಿ ಕೈಗನ್ನಡಿ ಹಿಡಿದು ಪೃಷ್ಠ, ಬೆನ್ನಿನ ಕೆಳಭಾಗ, ಹಿಮ್ಮಡಿಗಳನ್ನು ನೋಡುವುದು ಕಡ್ಡಾಯ. ಎಲ್ಲಾದರೂ ಕೆಂಪಾಗಿ, ಒತ್ತಡ ತೆಗೆದ ಮೇಲೂ ಮಾಸದಿದ್ದರೆ, ಅಥವಾ ಚಳಿಜ್ವರ ಬಂದು ಮೂತ್ರ ಕಲಕಿದಂತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಮೂತ್ರ ತೆಗೆಯುವ ಕ್ರಮವನ್ನು ಮಾತ್ರ ಆಸ್ಪತ್ರೆಯಲ್ಲಿ ಕಣ್ಣಾರೆ ನೋಡಿ, ಅವರ ಎದುರಿಗೇ ಮಾಡಿ ಕಲಿಯಬೇಕು, ಬರೆದು ತಿಳಿಸುವಂಥದ್ದಲ್ಲ.

ನಿಮ್ಮ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆಯೇ ವಿಚಾರಿಸಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಿಂದ ಮೊದಲ್ಗೊಂಡು ಸರಕಾರದ ಸೌಲಭ್ಯಗಳಿಗೆ ಅವರೇ ದಾರಿ. ನಡುನಡುವೆ ಫಿಸಿಯೊಥೆರಪಿಸ್ಟರಿಗೆ ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿ ಕುಳಿತುಕೊಳ್ಳುವ, ಮಂಚದಿಂದ ಕುರ್ಚಿಗೆ ಸರಿಯುವ ಕ್ರಮವನ್ನು ತೋರಿಸಬಹುದು. ಮೊದಲ ಪರೀಕ್ಷೆ ಮಾತ್ರ ಮುಖಾಮುಖಿಯೇ ಆಗಬೇಕು.

ಪ್ರಶ್ನೆ: ನಮ್ಮ ಸೇವಾ ಸಂಘದಿಂದ ಆಫ್ರಿಕಾದ ದೇಶವೊಂದಕ್ಕೆ ಎರಡು ವಾರಗಳ ಫಿಸಿಯೊಥೆರಪಿ ಶಿಬಿರ ಮತ್ತು ಗಾಲಿಕುರ್ಚಿ ದಾನದ ಯೋಜನೆ ಇದೆ. ತಮ್ಮ ಸಲಹೆ?
– ಸಂಘದ ಪದಾಧಿಕಾರಿ, ಮಂಗಳೂರು

ಉತ್ತರ: ನಿರುತ್ಸಾಹಗೊಳಿಸುವ ಉದ್ದೇಶ ನನಗಿಲ್ಲ, ಆದರೆ ಈ ರೂಪದಲ್ಲಿ ಯೋಜನೆ ಬೇಡ. ಎರಡು ವಾರಗಳಲ್ಲಿ ಆರಂಭಿಸಿದ ಚಿಕಿತ್ಸೆಯನ್ನು ಮೂರನೆಯ ವಾರ ಯಾರು ಮುಂದುವರಿಸುತ್ತಾರೆ? ಆ ದೇಶದ ಫಿಸಿಯೊಥೆರಪಿಸ್ಟರ ಸಂಘವನ್ನು ಮೊದಲು ಸಂಪರ್ಕಿಸಿ, ಅವರಿಗೆ ಬೇಕಾದದ್ದು ತರಬೇತಿಯೋ, ಉಪಕರಣವೋ, ಶಿಕ್ಷಕರೋ ಎಂದು ಕೇಳಿಕೊಳ್ಳಿ.

ಗಾಲಿಕುರ್ಚಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಒಂದೇ ಅಳತೆಯ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೊ ತೆಗೆಸಿ ಹಂಚುವ ಸಮಾರಂಭಗಳನ್ನು ನಮ್ಮ ಊರಿನಲ್ಲೂ ಕಂಡಿದ್ದೇವೆ. ಅಳತೆ ಹೊಂದದ, ದಿಂಬಿಲ್ಲದ ಕುರ್ಚಿ ಬೆನ್ನುಹುರಿ ಗಾಯಾಳುವಿಗೆ ಹುಣ್ಣನ್ನೇ ದಾನ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯಂತೆ ಕುರ್ಚಿ ಕೊಡುವುದೆಂದರೆ ವ್ಯಕ್ತಿಯನ್ನು ಪರೀಕ್ಷಿಸಿ, ಅಳತೆಗೆ ಹೊಂದಿಸಿ, ಬಳಸಲು ಕಲಿಸಿ, ಮುಂದೆ ದುರಸ್ತಿಗೂ ವ್ಯವಸ್ಥೆ ಮಾಡುವುದು. ಬಿಡಿಭಾಗ ಸ್ಥಳೀಯವಾಗಿ ಸಿಗದಿದ್ದರೆ ಮುರಿದ ಚಕ್ರದ ಕುರ್ಚಿ ಮೂಲೆ ಸೇರುತ್ತದೆ.

ಪ್ರಶ್ನೆ: ಬಿಪಿಟಿ (ಫಿಸಿಯೊಥೆರಪಿ ಪದವಿ) ಮುಗಿಸಿದ ಕೂಡಲೇ ಇಂಥ ಕೆಲಸಕ್ಕೆ ಅರ್ಜಿ ಹಾಕಬಹುದೇ?
– ವಿದ್ಯಾರ್ಥಿ, ದೇರಳಕಟ್ಟೆ

ಉತ್ತರ: ಹಾಕಬಹುದು, ಆದರೆ ಅನುಭವವಿಲ್ಲದವರನ್ನು ನೆರವು ಸಂಸ್ಥೆಗಳು ತೆಗೆದುಕೊಳ್ಳುವುದು ಅಪರೂಪ. ಕೆಲವು ವರ್ಷ ಮೂಳೆ, ನರ ಮತ್ತು ಸುಟ್ಟಗಾಯಗಳ ವಿಭಾಗಗಳಲ್ಲಿ ದುಡಿಯಿರಿ. ಯಂತ್ರವಿಲ್ಲದೆ ಕೈಯಿಂದಲೇ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಿ, ಏಕೆಂದರೆ ಶಿಬಿರಗಳಲ್ಲಿ ವಿದ್ಯುತ್ತಿನ ಭರವಸೆ ಇರುವುದಿಲ್ಲ. ಫ್ರೆಂಚ್ ಅಥವಾ ಅರಬ್ಬಿ ಕಲಿತರೆ ಬಹಳ ಅನುಕೂಲ. ವೈದ್ಯರಲ್ಲದ ಇತರ ಆರೋಗ್ಯ ವೃತ್ತಿಪರರಿಗಾಗಿ ಬಂದ 2021ರ ರಾಷ್ಟ್ರೀಯ ಕಾಯ್ದೆಯ ವ್ಯಾಪ್ತಿಗೆ ಫಿಸಿಯೊಥೆರಪಿಯೂ ಬಂದಿರುವುದರಿಂದ ನೋಂದಣಿಯ ಬಗ್ಗೆ ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ. ಹೋಗುವ ದೇಶದ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.