ತೋಟದ ಮಾತು: ಬಸಳೆ ಮೇಯುವ ಬಸವ

ಪ್ರಶ್ನೆ: ಅಕ್ಕಾ, ಮಳೆ ಹಿಡಿದಾಗಿನಿಂದ ನಮ್ಮ ಹಿತ್ತಲಲ್ಲಿ ಅಂಗೈಯಷ್ಟು ದೊಡ್ಡ ಬಸವನಹುಳುಗಳ ಕಾಟ. ಬಸಳೆ ಚಪ್ಪರ ಬೋಳಾಗಿದೆ. ಪಪ್ಪಾಯಿ ಸಸಿಯ ಸುಳಿಯೂ ಹೋಯಿತು. ಇಂಥ ಹುಳು ತಾನು ಕಂಡೇ ಇಲ್ಲ ಅನ್ನುತ್ತಾರೆ ಅಜ್ಜಿ. ಗಿಡದ ಬುಡಕ್ಕೆ ಉಪ್ಪು ಹಾಕುತ್ತಿದ್ದೇನೆ, ಸರಿಯಾ?
– ಓದುಗರು, ಅಂಕೋಲಾ

ಉತ್ತರ: ಮೊದಲು ಆ ಉಪ್ಪು ನಿಲ್ಲಿಸಿ. ಹುಳು ಸಾಯುತ್ತದೆ ನಿಜ, ಅದರ ಜೊತೆಗೆ ಬಸಳೆಯೂ ಸಾಯುತ್ತದೆ.

ಅಜ್ಜಿ ಹೇಳಿದ್ದು ಸರಿ. ಇದು ಪೂರ್ವ ಆಫ್ರಿಕಾದ ದೈತ್ಯ ಬಸವನಹುಳು. ಚಿಪ್ಪುಹುಳುಗಳ ಹುಚ್ಚಿದ್ದ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದದ್ದು. ಅಲ್ಲಿಂದ ನಿಮ್ಮ ಹಿತ್ತಲಿಗೆ ಅದೇನು ನಡೆದು ಬರಲಿಲ್ಲ. ನಾವೇ ಹೊತ್ತು ತಂದೆವು.

ಶಿರಸಿ ಹತ್ತಿರದ ನಮ್ಮ ತೋಟಕ್ಕೆ ಬಂದದ್ದೂ ಹಾಗೆಯೇ. ಒಂದು ನರ್ಸರಿಯಿಂದ 20 ಕಾಳುಮೆಣಸಿನ ಸಸಿ ತಂದಿದ್ದೆ. ಕೊಟ್ಟೆಯ ಮಣ್ಣಲ್ಲಿ ಸಾಬಕ್ಕಿಯಂಥ ಹಳದಿ-ಬಿಳಿ ಕಾಳುಗಳಿದ್ದವು. ಗೊಬ್ಬರವಿರಬೇಕು ಅಂದುಕೊಂಡು ಹಾಗೇ ನೆಟ್ಟೆ! ಮಾರನೇ ಮಳೆಗಾಲ ಒಂದು ರಾತ್ರಿ ಬಚ್ಚಲುಮನೆ ಗೋಡೆಗೆ ಟಾರ್ಚ್ ಬಿಟ್ಟರೆ 61 ಹುಳು. ಸುಣ್ಣ ಕೆರೆದು ತಿನ್ನುತ್ತಿದ್ದವು. ಚಿಪ್ಪು ಬೆಳೆಯಲು ಅವಕ್ಕೆ ಸುಣ್ಣ ಬೇಕು. "ಮನೆಗೆ ಬಸವ ಬಂದಿದ್ದಾನೆ, ಆರತಿ ಎತ್ತು" ಅಂತ ನಮ್ಮ ಮನೆಯವರು ನಕ್ಕರು. ಎಲೆಬಳ್ಳಿ ಹೋದ ಮೇಲೆ ಅವರೂ ನಗಲಿಲ್ಲ.

ಇದರಲ್ಲಿ ಗಂಡು, ಹೆಣ್ಣು ಬೇರೆ ಇಲ್ಲ, ಎಲ್ಲವೂ ಮೊಟ್ಟೆ ಇಡುತ್ತವೆ. ಒಂದು ಸಲಕ್ಕೆ 100, 200, ಕೆಲವೊಮ್ಮೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ತೆಳು ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತದೆ. ಹುಳು ಹೋಯಿತು ಅಂತ ನಾವು ನಿರಾಳ. ಮೊದಲ ಮಳೆಗೆ ಎಲ್ಲ ಎದ್ದು ಬರುತ್ತವೆ.

ನಾನು ಮಾಡುವುದು ಇಷ್ಟೇ. ಸಂಜೆ ಗೋಣಿಚೀಲ ಒದ್ದೆ ಮಾಡಿ ಚಪ್ಪರದ ಹತ್ತಿರ ಹಾಸಿ, ಅಡಿಗೆ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಇಡುತ್ತೇನೆ. ಬೆಳಿಗ್ಗೆ ಎತ್ತಿದರೆ ಗುಂಪಾಗಿ ಸಿಗುತ್ತವೆ. ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಆಮೇಲೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು. ಉಪ್ಪು ಬಕೆಟ್‌ನಲ್ಲಿರಲಿ, ತೋಟದಲ್ಲಿ ಬೇಡ. ಬರಿಗೈಲಿ ಮಾತ್ರ ಮುಟ್ಟಬೇಡಿ. ಇಲಿಯ ಶ್ವಾಸಕೋಶದ ಒಂದು ಹುಳು ಇದರ ಮೈಯಲ್ಲಿರಬಹುದು, ಅದು ಮನುಷ್ಯರ ಮಿದುಳಿನ ಪೊರೆಗೆ ಬಾವು ತರುತ್ತದೆ. ಸೊಪ್ಪು ಚೆನ್ನಾಗಿ ತೊಳೆದು, ಬೇಯಿಸಿಯೇ ತಿನ್ನಿ.

ಇದನ್ನು ತಿನ್ನುವ ಪ್ರಾಣಿ ಎಲ್ಲಿಂದಲಾದರೂ ತರಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 1955ರಲ್ಲಿ ಹವಾಯಿಯವರು ಅದನ್ನೇ ಮಾಡಿದರು. ಫ್ಲೋರಿಡಾದಿಂದ ಬೇಟೆಗಾರ ಬಸವನಹುಳು ತಂದರು. ಅದು ಆಫ್ರಿಕಾದ್ದನ್ನು ಮುಗಿಸುವ ಬದಲು ಅಲ್ಲಿನ ಕಾಡಿನ ಪುಟ್ಟ ಬಸವನಹುಳುಗಳನ್ನು ತಿಂದು ಹಾಕಿತು. ನಮ್ಮಲ್ಲಿ ಕೆಂಬೂತ ಇದನ್ನು ಕುಕ್ಕಿ ತಿನ್ನುತ್ತದೆ. ಬೇಲಿಯ ಪೊದೆ ಪೂರ್ತಿ ಸವರದೆ ಬಿಟ್ಟರೆ ಅದು ಬಂದೇ ಬರುತ್ತದೆ.

ಹಾಂ, ಸಿಕ್ಕಿದ್ದನ್ನೆಲ್ಲ ಬಕೆಟ್‌ಗೆ ಹಾಕಬೇಡಿ. ಉದ್ದನೆ ಶಂಕುವಿನಂಥ ಚೂಪು ತುದಿಯ ಚಿಪ್ಪು, ಮೇಲೆ ಕಂದು ಗೀರುಗಳಿದ್ದರೆ ಆಫ್ರಿಕಾದ್ದು. ಚಪ್ಪಟೆ ಚಿಪ್ಪಿನ ಸಣ್ಣವು ಹೆಚ್ಚಾಗಿ ನಮ್ಮ ಕಾಡಿನವೇ, ಬಿಟ್ಟುಬಿಡಿ.

ಪ್ರಶ್ನೆ: ಕಾರವಾರದ ಕಡಲತೀರದ ಗಾಳಿ ಮರವೂ ಹೊರದೇಶದ್ದಂತೆ. ಹಾಗಾದರೆ ಕಡಿಯಬೇಕಲ್ವಾ?
– ಓದುಗರು, ಕಾರವಾರ

ಉತ್ತರ: ಹೊರಗಿನದು ಹೌದು. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ಕಡಲತೀರದ ಮರ. 1868ರ ಸುಮಾರಿಗೆ ನಿಮ್ಮ ಕಾರವಾರದ ಕಡೆಯೇ ಇದನ್ನು ನೆಡಲು ಶುರು ಮಾಡಿದ್ದು. ಆದರೆ ಹೊರಗಿನದೆಲ್ಲ ಕಡಿಯುತ್ತ ಹೋದರೆ ಗೇರು, ಅನಾನಸು, ಮೆಣಸಿನಕಾಯಿ ಎಲ್ಲವನ್ನೂ ಬಿಡಬೇಕು! ಇದ್ದ ಮರ ಇರಲಿ. ಕಡಲಾಮೆ ಮೊಟ್ಟೆಯಿಡುವ ಮರಳಲ್ಲಿ ಮಾತ್ರ ಹೊಸದಾಗಿ ನೆಡುವುದು ಬೇಡ. ಉದುರಿದ ಸೂಜಿಯೆಲೆಯ ಹಾಸಿನ ಕೆಳಗೆ ಬೇರೇನೂ ಏಳುವುದಿಲ್ಲ. ಮರವಿಲ್ಲದ ಕಡೆ ಮರಳು ಹಿಡಿಯಲು ನೇರಳೆ ಹೂವಿನ ಅಡಂಬು ಬಳ್ಳಿ ತಾನಾಗಿಯೇ ಹಬ್ಬುತ್ತದೆ, ಅದನ್ನು ಕೀಳದಿದ್ದರೆ ಸಾಕು.