ಸಂಪಾದಕರ ಉತ್ತರ: ‘ರೆ’ ಗೊತ್ತಿದ್ದವರಿಗೆ ‘ಇಫ್’ ಕಷ್ಟವಲ್ಲ

ಡೊಂಬಿವಲಿಯ ಸೋದರಿಯವರಿಗೆ ನಮಸ್ಕಾರ.

ನಿಮ್ಮ ದೀರ್ಘ ಪತ್ರ ತಲುಪಿತು. ಅದು ನಿಮ್ಮೊಬ್ಬರ ಪ್ರಶ್ನೆಯಲ್ಲವಾದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ನೀವು ನಿಮ್ಮ ಸೊಸೈಟಿಯ ಸಭಾಗೃಹದಲ್ಲಿ ಸಂಜೆಯ ಹೊತ್ತು ನಮ್ಮವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಿ. ಬರುವವರಲ್ಲಿ ಮನೆಯಿಂದ ಡಬ್ಬಿ ಊಟ ಕಳಿಸುವ ಗೃಹಿಣಿಯರಿದ್ದಾರೆ, ಹೋಟೆಲಿನ ಗಲ್ಲಾದಲ್ಲಿ ಕೂರುವ ಯುವಕರಿದ್ದಾರೆ, ಪರದೇಶದ ಮೊಮ್ಮಕ್ಕಳೊಡನೆ ಮಾತಾಡಬೇಕೆಂಬ ಆಸೆಯ ಹಿರಿಯರೂ ಇದ್ದಾರೆ. ಬಿಟ್ಟ ಸ್ಥಳ ತುಂಬುವಾಗ ‘ಮಚ್’, ‘ಮೆನಿ’ಗಳನ್ನು ಸರಿಯಾಗಿ ಬರೆಯುವವರು ಮಾತಿಗೆ ನಿಂತರೆ ತಡವರಿಸುತ್ತಾರೆ, ‘ಇಫ್’ ಎಂದು ಶುರುವಾದ ವಾಕ್ಯ ಅರ್ಧದಲ್ಲೇ ನಿಲ್ಲುತ್ತದೆ, ತರಕಾರಿ ಹೆಸರುಗಳ ಪಟ್ಟಿ ಬಾಯಿಪಾಠವಾಗಿದ್ದರೂ ಬೇಕಾದಾಗ ನೆನಪಿಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ನಿವೃತ್ತ ಶಿಕ್ಷಕರೊಬ್ಬರು ‘ತರಗತಿಯಲ್ಲಿ ಕನ್ನಡ ಸಂಪೂರ್ಣ ನಿಲ್ಲಿಸಿ’ ಎಂದು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಬೇಕೇ, ಪ್ರಮಾಣದ ಪದಗಳು, ‘ಇಫ್’ ವಾಕ್ಯಗಳು, ಆಹಾರದ ಹೆಸರುಗಳು ಎಂಬ ಈ ಮೂರು ಪಾಠಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು, ಕೊನೆಗೆ ಪರೀಕ್ಷೆ ಇಡಬೇಕೇ ಎಂದು ಕೇಳಿದ್ದೀರಿ.

ಕನ್ನಡವನ್ನು ನಿಲ್ಲಿಸಬೇಡಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದವರ ಪರಂಪರೆ ಮುಂಬಯಿ ಕನ್ನಡಿಗರದು. ಅವರು ಇಂಗ್ಲಿಷನ್ನು ಕನ್ನಡದ ಆಸರೆಯಿಂದಲೇ ಕಲಿತರು. ಆ ಶಿಕ್ಷಕರ ಕಾಳಜಿ ನನಗೆ ಅರ್ಥವಾಗುತ್ತದೆ. ತರಗತಿಯ ಒಂದು ಗಂಟೆ ಪೂರ್ತಿ ಕನ್ನಡ ವಿವರಣೆಯಲ್ಲೇ ಕಳೆದುಹೋದರೆ ಬಾಯಿಗೆ ಇಂಗ್ಲಿಷ್ ಬರುವುದು ಯಾವಾಗ? ಆದರೆ ಅದಕ್ಕೆ ಪರಿಹಾರವೆಂದರೆ ವಿವರಣೆಯನ್ನು ಚಿಕ್ಕದು ಮಾಡುವುದು, ವಿದ್ಯಾರ್ಥಿಗಳಿಗೆ ಈಗಾಗಲೇ ಗೊತ್ತಿರುವ ವ್ಯಾಕರಣವನ್ನು ಬಾಗಿಲ ಹೊರಗೆ ಬಿಡುವುದಲ್ಲ. ನಿಮ್ಮ ಮೂರೂ ಪಾಠಗಳಲ್ಲಿ ಅವರಿಗೆ ಗೊತ್ತಿರುವುದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು.

‘ಇಫ್’ ಅನ್ನೇ ನೋಡಿ. ‘ಇಫ್ ಇಟ್ ವಿಲ್ ರೇನ್ ಟುಮಾರೊ’ ಎಂಬುದು ನಿಮ್ಮ ವಿದ್ಯಾರ್ಥಿಗಳು ಪದೇ ಪದೇ ಮಾಡುವ ತಪ್ಪು ಎಂದಿದ್ದೀರಿ. ಈ ತಪ್ಪು ಕನ್ನಡದಿಂದ ಬಂದದ್ದಲ್ಲ. ನಾಳೆ ಎಂಬ ಮಾತು ಬಂದಲ್ಲೆಲ್ಲ ‘ವಿಲ್’ ಹಾಕಬೇಕೆಂದು ಶಾಲೆಯಲ್ಲಿ ಕಲಿತ ನಿಯಮದಿಂದ ಬಂದದ್ದು. ಕನ್ನಡದಲ್ಲಿ ಯಾರೂ ‘ನಾಳೆ ಮಳೆ ಬರುತ್ತದರೆ’ ಎನ್ನುವುದಿಲ್ಲ, ‘ನಾಳೆ ಮಳೆ ಬಂದರೆ’ ಎನ್ನುತ್ತಾರೆ. ಮಾತು ನಾಳೆಯದಾದರೂ ‘ರೆ’ ಹತ್ತುವುದು ‘ಬಂದ’ ಎಂಬ ಭೂತರೂಪಕ್ಕೆ. ತಿಂದರೆ, ಕೊಟ್ಟರೆ, ಇದ್ದರೆ ಎಲ್ಲವೂ ಹಾಗೆಯೇ. ಷರತ್ತಿನ ಭಾಗದಲ್ಲಿ ಭವಿಷ್ಯದ ಗುರುತು ಬೇಕಿಲ್ಲ ಎಂಬ ಅರಿವು ನಿಮ್ಮ ವಿದ್ಯಾರ್ಥಿಗಳ ನಾಲಿಗೆಯಲ್ಲಿ ಹುಟ್ಟಿನಿಂದಲೇ ಇದೆ. ಅದನ್ನು ಕರಿಹಲಗೆಯ ಮೇಲೆ ಒಮ್ಮೆ ಬರೆದು ತೋರಿಸಿ, ಪಕ್ಕದಲ್ಲಿ ‘ಇಫ್ ಇಟ್ ರೇನ್ಸ್ ಟುನೈಟ್, ದ ಬ್ಯಾಟರ್ ವಿಲ್ ಟೇಕ್ ಲಾಂಗರ್ ಟು ರೈಸ್’ ಎಂದು ಬರೆಯಿರಿ. ಜುಲೈ ತಿಂಗಳ ಮುಂಬಯಿಯಲ್ಲಿ ಇಡ್ಲಿ ಹಿಟ್ಟು ಉಬ್ಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿದ ಯಾರಿಗೂ ಈ ವಾಕ್ಯ ಮರೆಯುವುದಿಲ್ಲ.

ಮುಂದಿನ ಮೆಟ್ಟಿಲು ಇನ್ನೂ ಸ್ವಾರಸ್ಯದ್ದು. ‘ದೊಡ್ಡ ಗ್ರೈಂಡರ್ ಇದ್ದರೆ ಇನ್ನೂ ಹತ್ತು ಡಬ್ಬಿ ಕಳಿಸುತ್ತಿದ್ದೆ’ ಎಂದು ನಿಮ್ಮ ತರಗತಿಯ ಯಾವ ಗೃಹಿಣಿಯೂ ಹೇಳಬಲ್ಲರು. ಗ್ರೈಂಡರ್ ಇಲ್ಲ, ಕಳಿಸುತ್ತಲೂ ಇಲ್ಲ. ಮಾತು ಇವತ್ತಿನದು, ಆದರೂ ‘ಇದ್ದ’, ‘ಕಳಿಸುತ್ತಿದ್ದೆ’ ಎಂಬ ಎರಡೂ ರೂಪಗಳು ಹಿಂದಿನವು. ಇಂಗ್ಲಿಷ್ ಮಾಡುವುದೂ ಅದನ್ನೇ: ‘ಇಫ್ ಐ ಹ್ಯಾಡ್ ಎ ಬಿಗ್ಗರ್ ಗ್ರೈಂಡರ್, ಐ ವುಡ್ ಸೆಂಡ್ ಟೆನ್ ಮೋರ್ ಡಬ್ಬಾಸ್’. ‘ಹ್ಯಾಡ್’ ಯಾಕೆ, ಅದು ಕಳೆದ ಕಾಲವಲ್ಲವೇ ಎಂದು ಕೇಳುವವರಿಗೆ ‘ಇದ್ದರೆ’ಯೊಳಗಿನ ‘ಇದ್ದ’ವನ್ನು ತೋರಿಸಿದರೆ ಸಾಕು. ‘ವುಡ್’ ಎಂಬುದಕ್ಕೂ ನಮ್ಮಲ್ಲಿ ಒಳ್ಳೆಯ ಜೋಡಿಯಿದೆ. ‘ಅಮ್ಮ ನಾಗಪಂಚಮಿಗೆ ಅರಿಶಿನದೆಲೆಯ ಕಡುಬು ಮಾಡುತ್ತಿದ್ದಳು’ ಎಂಬ ಹಳೆಯ ರೂಢಿಯ ಮಾತಿಗೂ, ‘ಎಲೆ ಸಿಕ್ಕಿದರೆ ನಾನೂ ಮಾಡುತ್ತಿದ್ದೆ’ ಎಂಬ ನಡೆಯದ ಮಾತಿಗೂ ಕನ್ನಡದಲ್ಲಿ ಒಂದೇ ಬಗೆಯ ಕ್ರಿಯಾಪದವಿದೆ. ಇಂಗ್ಲಿಷ್ ಕೂಡ ಎರಡಕ್ಕೂ ‘ವುಡ್ ಮೇಕ್’ ಎನ್ನಬಲ್ಲದು. ಒಂದು ಎಚ್ಚರ ಮಾತ್ರ ಬೇಕು. ‘ಹಾಲು ಉಕ್ಕಿದಾಗ ನಾನು ಫೋನಿನಲ್ಲಿ ಮಾತಾಡುತ್ತಿದ್ದೆ’ ಎಂಬಲ್ಲಿ ಆ ಜೋಡಿ ಹೊಂದುವುದಿಲ್ಲ, ಅಲ್ಲಿ ‘ವಾಸ್ ಟಾಕಿಂಗ್’ ಬರಬೇಕು. ಇದನ್ನು ಅದೇ ದಿನ ಹೇಳಿಬಿಡಿ.

ನಿಜವಾದ ತೊಡಕು ಬರುವುದು ಕಳೆದುಹೋದ ಅವಕಾಶದ ಮಾತಿನಲ್ಲಿ. ‘ನಿನ್ನೆ ಹೇಳಿದ್ದರೆ ತರುತ್ತಿದ್ದೆ’ ಎನ್ನುವಾಗ ಕನ್ನಡ ಷರತ್ತಿನ ಭಾಗವನ್ನಷ್ಟೇ ‘ಹೇಳಿದ್ದರೆ’ ಎಂದು ಬದಲಿಸಿ, ಮುಖ್ಯ ಕ್ರಿಯಾಪದವನ್ನು ಇದ್ದಂತೆಯೇ ಬಿಡುತ್ತದೆ. ಇಂಗ್ಲಿಷ್ ಎರಡನ್ನೂ ಬದಲಿಸುತ್ತದೆ: ‘ಇಫ್ ಯು ಹ್ಯಾಡ್ ಟೋಲ್ಡ್ ಮಿ ಯೆಸ್ಟರ್ಡೆ, ಐ ವುಡ್ ಹ್ಯಾವ್ ಬ್ರಾಟ್ ಇಟ್’. ನಮ್ಮವರು ‘ಐ ವುಡ್ ಬ್ರಿಂಗ್’ ಎಂದು ಮುಗಿಸುವುದು ಇದೇ ಕಾರಣಕ್ಕೆ. ಇಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ, ಬಾಯಿಗೆ ರೂಢಿಯಾಗುವವರೆಗೆ ಹೇಳಿಸಲೇಬೇಕು. ಸಹಜ ವೇಗದಲ್ಲಿ ಅದು ‘ಐಡ್‌ಅವ್ ಬ್ರಾಟ್’ ಎಂದಷ್ಟೇ ಕಿವಿಗೆ ಬೀಳುತ್ತದೆಂಬುದನ್ನೂ ಕೇಳಿಸಿ. ಹಿರಿಯರಿಗೆ ಈ ಪಾಠದ ಅವಸರವಿಲ್ಲ, ವರ್ಷದ ಕೊನೆಗೆ ಇಟ್ಟುಕೊಳ್ಳಿ. ಇನ್ನೊಂದು ಬಿನ್ನಹವೆಂದರೆ, ‘ಇಫ್’ ವಾಕ್ಯಗಳ ಬಗೆಗಳಿಗೆ ವ್ಯಾಕರಣ ಪುಸ್ತಕಗಳು ಕೊಡುವ ‘ಝೀರೋ’, ‘ಫಸ್ಟ್’, ‘ಸೆಕೆಂಡ್’, ‘ಥರ್ಡ್’ ಎಂಬ ಸಂಖ್ಯೆಗಳನ್ನು ದೊಡ್ಡವರ ತರಗತಿಗೆ ತರಬೇಡಿ. ಯಾವಾಗಲೂ ಆಗುವುದು, ಆಗಬಹುದಾದದ್ದು, ಈಗ ಇಲ್ಲದ್ದು, ಆಗದೇ ಹೋದದ್ದು ಎಂದರೆ ಅವರಿಗೆ ತಕ್ಷಣ ತಿಳಿಯುತ್ತದೆ.

ಪ್ರಮಾಣ ಹೇಳುವ ಪದಗಳ ವಿಷಯದಲ್ಲಿ ‘ಕನ್ನಡದಲ್ಲಿ ಎಲ್ಲಕ್ಕೂ ಎಷ್ಟು ಎನ್ನುತ್ತೇವೆ, ಆದ್ದರಿಂದ ನಮ್ಮವರಿಗೆ ಮಚ್, ಮೆನಿ ಭೇದ ಹೊಳೆಯುವುದಿಲ್ಲ’ ಎಂದು ಬರೆದಿದ್ದೀರಿ. ಪ್ರಶ್ನೆಯ ಮಟ್ಟಿಗೆ ಅದು ನಿಜ. ಆದರೆ ‘ಕೆಲವು ಬಾಳೆಹಣ್ಣು’ ಎನ್ನುವ ನಾವು ‘ಕೆಲವು ಮಜ್ಜಿಗೆ’ ಎನ್ನುವುದಿಲ್ಲ, ‘ಸ್ವಲ್ಪ ಮಜ್ಜಿಗೆ’ ಎನ್ನುತ್ತೇವೆ. ಎಣಿಸುವುದು ಬೇರೆ, ಅಳೆಯುವುದು ಬೇರೆ ಎಂಬ ತಿಳಿವಳಿಕೆ ನಮ್ಮಲ್ಲೂ ಇದೆ; ‘ಎ ಫ್ಯೂ’ ಮತ್ತು ‘ಎ ಲಿಟಲ್’ ನಿಂತಿರುವುದು ಅದರ ಮೇಲೆಯೇ. ‘ಎ’ ಇದ್ದಾಗ ಇಲ್ಲದಾಗ ಅರ್ಥ ಬದಲಾಗುವ ಕಷ್ಟವನ್ನೂ ಹೀಗೆಯೇ ಬಿಡಿಸಬಹುದು. ‘ಸ್ವಲ್ಪ ಸಾರಿದೆ, ಬಡಿಸಲೇ?’ ಎನ್ನುವಾಗ ‘ಎ ಲಿಟಲ್’; ‘ಸ್ವಲ್ಪವೇ ಇದೆ, ಎಲ್ಲರಿಗೂ ಆಗದು’ ಎನ್ನುವಾಗ ಬರೀ ‘ಲಿಟಲ್’. ಆಡುಮಾತಿನಲ್ಲಿ ಎರಡನೆಯದಕ್ಕೆ ‘ನಾಟ್ ಮಚ್’ ಎನ್ನುವುದೇ ಹೆಚ್ಚು ಸಹಜ, ಅದನ್ನೇ ಮೊದಲು ಕಲಿಸಿ. ‘ಐ ಹ್ಯಾವ್ ಮಚ್ ರೈಸ್’ ಎಂಬ ಪುಸ್ತಕದ ವಾಕ್ಯವನ್ನು ಬಿಡಿಸಿ ‘ಎ ಲಾಟ್ ಆಫ್ ರೈಸ್’ ಎಂದು ಹೇಳಿಸಿ. ಅದು ಎಣಿಸುವುದಕ್ಕೂ ಅಳೆಯುವುದಕ್ಕೂ ಒಗ್ಗುವುದರಿಂದ ಕಲಿಯುವವರ ಭಯ ಅರ್ಧ ಇಳಿಯುತ್ತದೆ.

ಯಾವುದನ್ನು ಎಣಿಸಬೇಕು ಎಂಬುದರಲ್ಲಿ ಇಂಗ್ಲಿಷಿಗೆ ತನ್ನದೇ ಹಟಗಳಿವೆ, ಅವಕ್ಕೆ ಕಾರಣ ಹುಡುಕುತ್ತ ಕೂರುವುದು ವ್ಯರ್ಥ. ಗೋಧಿ ‘ವೀಟ್’ ಏಕವಚನ, ಅದರ ಪಕ್ಕದ ‘ಓಟ್ಸ್’ ಬಹುವಚನ. ‘ಬ್ರೆಡ್’ ಎಣಿಕೆಗೆ ಸಿಗದು, ‘ಟೂ ಸ್ಲೈಸಸ್ ಆಫ್ ಬ್ರೆಡ್’ ಎನ್ನಬೇಕು. ಒಂದಕ್ಕೊಂದು ಅಂಟಿದ ಪಾವ್‌ಗಳ ಲಾದಿಯಿಂದ ಮುರಿದ ಪಾವನ್ನಾದರೆ ‘ಟೂ ಪಾವ್ಸ್’ ಎಂದು ಧಾರಾಳವಾಗಿ ಎಣಿಸಬಹುದು. ಹಣವನ್ನು ಎಣಿಸುತ್ತೇವಲ್ಲ, ‘ಹೌ ಮಚ್ ಮನಿ’ ಯಾಕೆ ಎಂದು ಕೇಳುವವರಿಗೆ, ಎಣಿಸುವುದು ರೂಪಾಯಿಗಳನ್ನು ಎಂದು ಹೇಳಿ. ಗಲ್ಲಾದಲ್ಲಿ ಕೂರುವ ಯುವಕರಿಗೆ ಒಂದು ವಿಷಯ ಆಗಲೇ ಗೊತ್ತಿದೆ: ಮನೆಯಲ್ಲಿ ‘ಸಮ್ ಟೀ’ ಆಗಿರುವುದು ಹೋಟೆಲಿನ ಮೇಜಿಗೆ ಬಂದ ಕೂಡಲೇ ‘ಟೂ ಟೀಸ್’ ಆಗುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ಲೋಟವನ್ನು. ‘ಟೂ ಡಜನ್ ಎಗ್ಸ್’ ಎನ್ನುವಾಗ ‘ಡಜನ್ಸ್’ ಆಗಕೂಡದು ಎಂಬುದನ್ನೂ ಬಾಳೆಹಣ್ಣು, ಹಾಪೂಸ್ ಮಾವನ್ನು ಡಜನ್ ಲೆಕ್ಕದಲ್ಲಿ ಕೊಳ್ಳುವ ಈ ಊರಿನಲ್ಲಿ ಮರೆಯದೆ ಹೇಳಬೇಕು. ‘ಟೂ ಟೇಸ್ಟಿ’ (too tasty) ಎಂಬ ಹೊಗಳಿಕೆಯನ್ನೂ ತಿದ್ದಿ. ಅತಿಯಾಗಿ ಕೆಟ್ಟಿತು ಎಂಬಲ್ಲಿ ಈ ‘ಟೂ’ ಬರುತ್ತದೆ: ಉಪ್ಪು ಜಾಸ್ತಿಯಾದರೆ ‘ಟೂ ಮಚ್ ಸಾಲ್ಟ್’, ಮೆಣಸಿನಕಾಯಿ ಜಾಸ್ತಿಯಾದರೆ ‘ಟೂ ಮೆನಿ ಚಿಲೀಸ್’.

ಆಹಾರದ ಹೆಸರುಗಳ ಪಟ್ಟಿ ನೆನಪಿನಲ್ಲಿ ನಿಲ್ಲದಿರುವುದಕ್ಕೆ ಅದು ಬರೀ ಪಟ್ಟಿಯಾಗಿರುವುದೇ ಕಾರಣ. ಹೆಸರನ್ನು ಅದರ ಅಳತೆಯೊಡನೆ ಕಲಿಸಿ: ‘ಎ ಬಂಚ್ ಆಫ್ ಕೊರಿಯಾಂಡರ್’, ‘ಎ ಕ್ಲೋವ್ ಆಫ್ ಗಾರ್ಲಿಕ್’, ‘ಎ ಪಿಂಚ್ ಆಫ್ ಅಸಫೆಟಿಡಾ’ (ಇಂಗು), ‘ಹಾಫ್ ಎ ಕಿಲೊ ಆಫ್ ಸೆಮೊಲಿನಾ’ (ರವೆ). ಬದನೆಗೆ ‘ಬ್ರಿಂಜಲ್’, ಬೆಂಡೆಗೆ ‘ಲೇಡೀಸ್ ಫಿಂಗರ್’ ಎಂಬ ನಮ್ಮ ದೇಶದ ಇಂಗ್ಲಿಷೇ ಮೊದಲು ಬರಲಿ. ‘ಎಗ್‌ಪ್ಲಾಂಟ್’, ‘ಓಕ್ರಾ’ ಬೇಕಾಗುವುದು ಅಮೆರಿಕದ ಮೊಮ್ಮಕ್ಕಳಿರುವ ಹಿರಿಯರಿಗೆ, ಅವರಿಗೆ ಹೇಳಿಕೊಡಿ.

ಈ ಮೂರು ಪಾಠಗಳನ್ನು ಬೇರೆ ಬೇರೆ ತಿಂಗಳಿಗೆ ಹಂಚಬೇಡಿ ಎಂಬುದೇ ಕ್ರಮದ ಬಗ್ಗೆ ನನ್ನ ಉತ್ತರ. ಮಳೆಗಾಲದಲ್ಲಿ ನಿಮ್ಮ ಸ್ಟೇಷನ್ ಬಳಿಯ ಮಾರುಕಟ್ಟೆಯಲ್ಲೇ ಅಳೂ ಎಂಬ ಹೆಸರಿನಲ್ಲಿ ಕೆಸುವಿನ ಎಲೆ ಬರುತ್ತದಲ್ಲ, ಒಂದು ಸಂಜೆ ಪತ್ರೊಡೆಯನ್ನೇ ಪಾಠ ಮಾಡಿ. ಮೇಜಿನ ಮೇಲೆ ಎಲೆ, ಅಕ್ಕಿ, ಹುಣಸೆಹಣ್ಣು, ಬ್ಯಾಡಗಿ ಮೆಣಸು, ಬೆಲ್ಲ, ಕಾಯಿತುರಿ ಇಡಿ. ಒಬ್ಬರ ಕೈಯಲ್ಲಿ ಮಾಡುವ ವಿಧಾನದ ಚೀಟಿಯಿರಲಿ, ಇನ್ನೊಬ್ಬರು ಮೇಜಿನ ಬಳಿ ನಿಲ್ಲಲಿ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಮಾತ್ರ ಪ್ರಶ್ನೆ ಕೇಳುವ ಅಗತ್ಯ ನಿಜವಾಗಿ ಹುಟ್ಟುತ್ತದೆ. ‘ಹೌ ಮೆನಿ ಲೀವ್ಸ್ ಡು ವಿ ಹ್ಯಾವ್?’, ‘ಹೌ ಮಚ್ ರೈಸ್ ಡು ವಿ ನೀಡ್?’ ಎಂದು ಶುರುವಾಗಲಿ. ಆಮೇಲೆ ಎಲ್ಲರಿಗೂ ಗೊತ್ತಿರುವ ಸತ್ಯವನ್ನು ಇಂಗ್ಲಿಷಿನಲ್ಲಿ ಹೇಳಿಸಿ: ‘ಇಫ್ ಯು ಡೋಂಟ್ ಆಡ್ ಇನಫ್ ಟ್ಯಾಮರಿಂಡ್, ಯುವರ್ ಥ್ರೋಟ್ ಇಚಸ್’. ಕೆಸುವಿನಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸುತ್ತದೆ, ಅದಕ್ಕೇ ಹುಳಿ ಬೇಕು ಎಂದು ವಿದ್ಯಾರ್ಥಿಗಳೇ ನಿಮಗೆ ವಿವರಿಸಲು ಹೊರಡುತ್ತಾರೆ. ಆ ಒಂದು ವಾಕ್ಯದಲ್ಲಿ ಷರತ್ತು, ಪ್ರಮಾಣ, ಆಹಾರ ಮೂರೂ ಇವೆ. ಅಲ್ಲಿಂದ ‘ಇಫ್ ವಿ ಯೂಸ್ ಕೋಕಂ, ವಿಲ್ ಇಟ್ ಬಿ ಟೂ ಸಾರ್?’ ಎಂಬ ಪ್ರಶ್ನೆಗೆ ದಾಟುವುದು ಸುಲಭ.

ಒಂದು ಮಾತು ನೆನಪಿರಲಿ. ನಮ್ಮ ಊರಿನಲ್ಲಿ ತರಕಾರಿಯವನೊಡನೆ ಇಂಗ್ಲಿಷ್ ಬೇಕಿಲ್ಲ, ಮರಾಠಿ ಅಥವಾ ಹಿಂದಿ ಸಾಕು. ಆದ್ದರಿಂದ ಮಾರುಕಟ್ಟೆಯ ಕೃತಕ ಸಂಭಾಷಣೆ ಬೇಡ. ಇಂಗ್ಲಿಷ್ ನಿಜವಾಗಿ ಬೇಕಾಗುವ ಕಡೆಗಳನ್ನು ಆರಿಸಿ. ಪವಾಯಿಯ ಆಫೀಸಿನಿಂದ ‘ಇಫ್ ಐ ಆರ್ಡರ್ ಬೈ ಟೆನ್, ವಿಲ್ ಇಟ್ ರೀಚ್ ಬೈ ಒನ್?’ ಎಂದು ಕೇಳುವ ಗಿರಾಕಿಗೆ ಡಬ್ಬಿ ಕಳಿಸುವವರು ಉತ್ತರ ಕೊಡಬೇಕು. ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳಿಗೆ ಹೊರನಾಡಿನವರೂ ಬರುತ್ತಾರೆ. ಅಂಥ ಕಡೆ ‘ವುಡ್ ಯು ಲೈಕ್ ಸಮ್ ಮೋರ್ ರಸಂ?’ ಎಂದು ಕೇಳಬೇಕಾಗುತ್ತದೆ. ಉಪಚಾರದ ಪ್ರಶ್ನೆಯಲ್ಲಿ ‘ಎನಿ’ ಅಲ್ಲ, ‘ಸಮ್’ ಒಪ್ಪುತ್ತದೆಂದು ಆಗಲೇ ಹೇಳಿ. ಕಿರಾಣಿ ಪೊಟ್ಟಣಗಳ ಮೇಲಿನ ಬರಹವೂ ಖರ್ಚಿಲ್ಲದ ಪಠ್ಯ. ಅದರಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಹಾಗಾಗಿ ‘ಈಸ್ ದೇರ್ ಮೋರ್ ಶುಗರ್ ದ್ಯಾನ್ ಫ್ರೂಟ್ ಇನ್ ದಿಸ್ ಜಾಮ್?’ ಎಂಬ ಪ್ರಶ್ನೆಗೆ ಉತ್ತರ ಪೊಟ್ಟಣದಲ್ಲೇ ಸಿಗುತ್ತದೆ.

ಮಾತಿನ ನಡುವೆ ತಿದ್ದಬೇಡಿ. ಕೇಳಿಬಂದ ತಪ್ಪುಗಳನ್ನು ಗುರುತು ಹಾಕಿಕೊಂಡು, ಕೊನೆಗೆ ಹೆಸರು ಹೇಳದೆ ಎರಡು ಮೂರನ್ನಷ್ಟೇ ಹಲಗೆಗೆ ಬರೆದು, ತರಗತಿಯಿಂದಲೇ ಸರಿಪಡಿಸಿ. ಹಿರಿಯರು ಮೌನವಾಗುವುದು ಬಹುಪಾಲು ಎಲ್ಲರೆದುರು ತಿದ್ದಿಸಿಕೊಂಡ ದಿನವೇ.

ಪರೀಕ್ಷೆಯ ಬಗ್ಗೆ ಕೇಳಿದ್ದಿರಿ. ಲಿಖಿತ ಪರೀಕ್ಷೆ ಬೇಡ, ಅದರಲ್ಲಿ ಅವರು ಆಗಲೇ ಪಾಸಾಗಿದ್ದಾರೆ. ಒಬ್ಬೊಬ್ಬರೂ ತಮಗೆ ಬರುವ ಒಂದು ಅಡುಗೆಯನ್ನು ಚೀಟಿ ನೋಡದೆ ಇಂಗ್ಲಿಷಿನಲ್ಲಿ ವಿವರಿಸಲಿ. ಕೇಳುವವರು ಪ್ರಮಾಣದ ಬಗ್ಗೆ ಎರಡು ಪ್ರಶ್ನೆ, ‘ಇಫ್’ ಹಾಕಿ ಒಂದು ಪ್ರಶ್ನೆ ಕೇಳಲಿ. ಉತ್ತರದಲ್ಲಿ ವ್ಯಾಕರಣ ಸ್ವಲ್ಪ ತಪ್ಪಿದರೂ, ಕೇಳಿದವರು ಮನೆಗೆ ಹೋಗಿ ಅದೇ ಅಡುಗೆಯನ್ನು ಸರಿಯಾಗಿ ಮಾಡಬಲ್ಲರಾದರೆ ಅವರನ್ನು ಮುಂದಿನ ಪಾಠಕ್ಕೆ ಕಳಿಸಿ. ಮಾಡಲಾಗದಿದ್ದರೆ, ಎಲ್ಲಿ ಅಳತೆ ತಪ್ಪಿತು ಎಂದು ಕೇಳಿದವರಿಂದಲೇ ಹೇಳಿಸಿ, ಆ ವಾಕ್ಯದಿಂದ ಮರುದಿನದ ತರಗತಿ ಶುರು ಮಾಡಿ.

— ಸಂಪಾದಕ